ಒಂದು ಮಗುವಿನ ಓದು, ಮೂರು ವಿಳಾಸ

ನಗರದ ಬಡ ಕುಟುಂಬದ ಒಂದು ಮಗುವಿನ ಓದಿನ ಖರ್ಚು ನೋಡಿಕೊಳ್ಳಬೇಕು ಅಂತ ಸಂಸ್ಥೆಯೊಂದರಲ್ಲಿ ಹೆಸರು ಬರೆಸಿದಾಗ ನನ್ನ ತಲೆಯಲ್ಲಿ ಇದ್ದದ್ದು ಫೀಸು, ಪುಸ್ತಕ, ಬಟ್ಟೆ ಮಾತ್ರ. ತಿಂಗಳು ತಿಂಗಳು ದುಡ್ಡು ಕಳಿಸಿದರೆ ಮಗು ಶಾಲೆಗೆ ಹೋಗುತ್ತದೆ ಅಂದುಕೊಂಡಿದ್ದೆ.

ಮೊದಲ ವರ್ಷ ಹುಡುಗಿ ಒಂದು ಚಿತ್ರ ಬರೆದು ಕಳಿಸಿದಳು. ‘ನಿಮ್ಮ ಮನೆ ಬರಿ’ ಅಂತ ಸಂಸ್ಥೆಯ ಕಾರ್ಯಕರ್ತೆ ಹೇಳಿದ್ದರಂತೆ. ಚಿತ್ರದಲ್ಲಿ ಕಿಟಕಿ, ಮಾಡು ಏನೂ ಇಲ್ಲ. ಒಂದು ಚೌಕ, ಅದರೊಳಗೆ ಆರು ಉದ್ದ ಗೆರೆ, ಪ್ರತಿ ಗೆರೆಯ ತುದಿಗೆ ಒಂದು ದುಂಡನೆ ತಲೆ. ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಅನ್ನುವುದನ್ನು ಬರೆದಿದ್ದಳು. ಬಾಗಿಲ ಹತ್ತಿರ ಅಪ್ಪ. ಎಲ್ಲರ ಕಾಲ ಬುಡದಲ್ಲಿ ಅಡ್ಡಡ್ಡಕ್ಕೆ ತಾನು. ತಲೆಯ ಕೆಳಗೆ ಶಾಲೆ ಚೀಲ. ಆ ಚೀಲ ನಮ್ಮ ದುಡ್ಡಿನಲ್ಲಿ ಬಂದದ್ದು. ಅದೇ ಅವಳ ದಿಂಬು.

ಕೊಳೆಗೇರಿ ಮನೆ ಯಾವುದು ಅಂತ ಗುರುತಿಸಲು ವಿಶ್ವಸಂಸ್ಥೆಯಲ್ಲಿ ವಸತಿ ವಿಷಯ ನೋಡಿಕೊಳ್ಳುವ ಹ್ಯಾಬಿಟಾಟ್ ವಿಭಾಗ ಐದು ವಿಷಯ ನೋಡುತ್ತದೆ: ಒಳ್ಳೆ ನೀರು, ಶೌಚಾಲಯ, ಗಟ್ಟಿ ಮನೆ, ಸಾಕಷ್ಟು ಜಾಗ, ಎಬ್ಬಿಸುತ್ತಾರೆ ಅನ್ನುವ ಭಯವಿಲ್ಲದ ವಾಸ. ಒಂದು ಕೋಣೆಗೆ ಮೂರಕ್ಕಿಂತ ಜಾಸ್ತಿ ಜನ ಆದರೆ ಜಾಗ ಸಾಲದು ಅಂತ ಲೆಕ್ಕ. ಚಿತ್ರ ನೋಡಿದ ಮೇಲೆ ಆ ಲೆಕ್ಕ ನನಗೆ ಅರ್ಥವಾಯಿತು. ಐದನೆಯದನ್ನು ಮಾತ್ರ ಸುಮ್ನೆ ಓದಿ ಮುಂದೆ ಹೋಗಿದ್ದೆ.

ಎರಡನೇ ವರ್ಷ ಪತ್ರ ನಿಂತುಹೋಯಿತು. ಫೋನ್ ಮಾಡಿದರೆ ಕಾರ್ಯಕರ್ತೆ ಹೇಳಿದರು: “ಫೀಸು ರೆಡಿ ಇದೆ, ಮಗು ಎಲ್ಲಿದೆ ಅಂತ ಗೊತ್ತಿಲ್ಲ.” ಅವರಿದ್ದ ಸಾಲು ಮನೆಗಳನ್ನು ತೆರವು ಮಾಡಿದ್ದರು. ಕುಟುಂಬ ಊರಿನ ಇನ್ನೊಂದು ತುದಿಗೆ ಹೋಗಿತ್ತು. ಹೊಸ ಶಾಲೆಯವರು ವರ್ಗಾವಣೆ ಪತ್ರ ಕೇಳಿದರು. ಅದನ್ನು ತರಬೇಕಾದರೆ ಅಮ್ಮ ಒಂದು ದಿನದ ಕೂಲಿ ಬಿಡಬೇಕು. ಇವತ್ತು, ನಾಳೆ ಅಂತ ಏಳು ತಿಂಗಳು ಹೋದವು. ಹುಡುಗಿಗೆ ಆ ವರ್ಷ ಪೂರ್ತಿ ಹೋಯಿತು.

ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಆಗ ನೆನಪಾಯಿತು. ಒಂದು ದೊಡ್ಡ ಸಂಸ್ಥೆಯ ಮೂಲಕ ನೆರವು ಪಡೆದ ಮಕ್ಕಳನ್ನು ಆರು ದೇಶಗಳಲ್ಲಿ ನೋಡಿದ್ದರು. ಆ ಮಕ್ಕಳು ನೆರವು ಸಿಗದವರಿಗಿಂತ ಸುಮಾರು ಒಂದರಿಂದ ಒಂದೂವರೆ ವರ್ಷ ಜಾಸ್ತಿ ಓದಿದ್ದರು. ಅದು ನಿಜಕ್ಕೂ ದೊಡ್ಡ ಲಾಭ. ಆದರೆ ಒಂದೇ ಸಲ ಮನೆ ಹೋದರೆ ಅಷ್ಟೂ ಹೋಗುತ್ತದೆ, ಅಲ್ವಾ?

ಅಲ್ಲಿಂದ ನಾನು ದುಡ್ಡು ಕೊಡುವ ರೀತಿ ಬದಲಾಯಿಸಿದೆ. ಉಡುಗೊರೆ ಕಳಿಸುವುದನ್ನು ಬಿಟ್ಟೆ. ಮೊದಲೊಮ್ಮೆ ಕಳಿಸಿದ ದೊಡ್ಡ ಗೊಂಬೆ ಪಕ್ಕದ ಮಕ್ಕಳ ನಡುವೆ ಜಗಳ ಎಬ್ಬಿಸಿ ಅಮ್ಮನಿಗೆ ಅದನ್ನು ಬಚ್ಚಿಡುವ ಕೆಲಸ ಕೊಟ್ಟಿತ್ತು. ಆ ದುಡ್ಡನ್ನು ‘ಮನೆ ಬದಲಾದರೆ’ ಅಂತ ಬೇರೆ ಎತ್ತಿಡಲು ಹೇಳಿದೆ. ಬಸ್ ಚಾರ್ಜಿಗೆ, ಹೊಸ ಶಾಲೆಯ ದಾಖಲಾತಿಗೆ, ಅಮ್ಮ ಕಳೆದುಕೊಳ್ಳುವ ಒಂದು ದಿನದ ಕೂಲಿಗೆ. ಜನನ ಪ್ರಮಾಣಪತ್ರ, ಅಂಕಪಟ್ಟಿ ಎರಡರ ಪ್ರತಿಯೂ ಸಂಸ್ಥೆಯ ಕಚೇರಿಯಲ್ಲಿ ಇರಲಿ ಅಂದೆ. ಜೊತೆಗೆ, ಮನೆ ಬದಲಾದರೂ ಸಿಗುವ ಒಬ್ಬ ನೆಂಟರ ಫೋನ್ ನಂಬರು.

ಆ ನಂಬರು ಕಚೇರಿಯಲ್ಲೇ ಇದೆ, ನನ್ನ ಹತ್ತಿರ ಇಲ್ಲ. ಮಗುವಿನ ವಿಳಾಸವೂ ನನಗೆ ಕೊಡುವುದಿಲ್ಲ, ಪತ್ರಗಳನ್ನು ಅವರು ಓದಿಯೇ ಕಳಿಸುತ್ತಾರೆ. ಮೊದಮೊದಲು ಬೇಜಾರಾಗಿತ್ತು. ಈಗ ಇದು ಮಗುವಿನ ಕಾವಲು ಅಂತ ಗೊತ್ತು. ವಿಳಾಸವನ್ನು ಸುಲಭವಾಗಿ ಕೊಟ್ಟುಬಿಡುವ ಸಂಸ್ಥೆಗೆ ನಾನು ದುಡ್ಡು ಕೊಡುವುದಿಲ್ಲ. ಲೆಕ್ಕಪರಿಶೋಧನೆಯ ವರದಿ ಹೇಗೂ ಎಲ್ಲರೂ ಕೇಳುತ್ತಾರೆ, ನೀವೂ ಕೇಳಿ. ಅದರ ಜೊತೆ ಇನ್ನೊಂದು ಪ್ರಶ್ನೆ ಕೇಳಿ: ಮಗು ನಿಮ್ಮ ಬಡಾವಣೆ ಬಿಟ್ಟು ಹೋದರೆ ನೆರವು ಅದರ ಹಿಂದೆ ಹೋಗುತ್ತದಾ?

ಹೋದ ವರ್ಷ ಹುಡುಗಿಯ ಮನೆಯವರು ಮತ್ತೆ ಮನೆ ಬಿಡಬೇಕಾಯಿತು. ಈ ಸಲ ಹನ್ನೊಂದನೇ ದಿನಕ್ಕೆ ಹುಡುಗಿ ಹೊಸ ತರಗತಿಯಲ್ಲಿ ಕೂತಿದ್ದಳು. ಅವಳು ಹೈಸ್ಕೂಲು ಮುಗಿಸಲು ಇನ್ನೊಂದೇ ವರ್ಷ. ಪರೀಕ್ಷೆ ಹತ್ತಿರ ಬಂದಾಗ ಮನೆ ಹೋದರೆ ಅವಳು ಎಲ್ಲಿ ಇದ್ದು ಓದಬಹುದು ಅಂತ ಈಗಲೇ ಕಚೇರಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ಫೋನ್ ಮಾಡುತ್ತೇನೆ.