ತರಗೆಲೆಯ ಹುಸಿಚೇಳು: ಜಿಯೋಗ್ಯಾರಿಪಿಡೇ ಕುಟುಂಬ ಗುರುತಿಸೋದು ಹೇಗೆ?

ನಮ್ಮ ಖಾನಾಪುರದ ಕಡೆ ಮಳೆ ಜಾಸ್ತಿ. ಹಿತ್ತಲಿನ ಹಲಸಿನ ಮರದ ಬುಡದಲ್ಲಿ ತರಗೆಲೆ ಕೊಳೆಯುತ್ತಲೇ ಇರುತ್ತದೆ. ಹುಸಿಚೇಳು, ಅಂದರೆ ಚೇಳಿನಂತೆ ಇಕ್ಕಳವಿರುವ ಪುಟಾಣಿ ಪ್ರಾಣಿ, ಹುಡುಕಲು ಅಷ್ಟು ಸಾಕು. ಅವುಗಳ ಒಂದು ಕುಟುಂಬವೇ ಜಿಯೋಗ್ಯಾರಿಪಿಡೇ. ಭೀಮಗಡ ಅಭಯಾರಣ್ಯಕ್ಕೆ ಚೀಲ ಹಿಡಿದು ಹೋಗಬೇಡಿ, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು.

ಮೇಲಿನ ಒಣ ಎಲೆ ಸರಿಸಿ, ಕೆಳಗಿನ ಅರೆಕೊಳೆತ ಪದರ ತೆಗೆದು ಬಿಳಿ ಬಟ್ಟೆಯ ಮೇಲೆ ಜರಡಿ ಹಿಡಿಯಿರಿ. ಆಮೇಲೆ ಸುಮ್ನೆ ಕೂತು ನೋಡಿ. ಈ ಪ್ರಾಣಿ ಇರೋದೇ ಎರಡು ಮಿಲಿಮೀಟರ್ ಆಸುಪಾಸು. ಅಲುಗಾಡಿಸಿದರೆ ಇಕ್ಕಳ ಮಡಚಿ ಮಣ್ಣಿನ ಹರಳಿನಂತೆ ಬಿದ್ದಿರುತ್ತದೆ. ಸ್ವಲ್ಪ ಹೊತ್ತಿಗೆ ಇಕ್ಕಳ ಚಾಚಿ ನಡೆಯುತ್ತದೆ. ಬಾಲ, ಕೊಂಡಿ ಎರಡೂ ಇಲ್ಲ. ವಿಷ ಇರೋದು ಇಕ್ಕಳದ ಬೆರಳಲ್ಲಿ, ಅದರಿಂದ ನಮಗೇನೂ ಆಗುವುದಿಲ್ಲ. ಒದ್ದೆ ಕುಂಚದಿಂದ ಎತ್ತಿ ಶೇ. 70ರ ಆಲ್ಕೋಹಾಲ್‌ಗೆ ಹಾಕಿ.

ಈಗ ಮೈಕ್ರೋಸ್ಕೋಪ್. ಬರೀ ಬಣ್ಣ, ಗಾತ್ರ ನಂಬಬೇಡಿ. ಮೊದಲು ಇಕ್ಕಳದ ಉದ್ದ ಸೂಕ್ಷ್ಮ ಕೂದಲು ಎಣಿಸಿ. ಅಲುಗದ ಬೆರಳಲ್ಲಿ 8, ಅಲುಗುವ ಬೆರಳಲ್ಲಿ 4 ಇದ್ದರೆ ಬೆಳೆದ ಪ್ರಾಣಿ. ಕಡಿಮೆ ಇದ್ದರೆ ಮರಿ, ಅದನ್ನು ಪಕ್ಕಕ್ಕಿಡಿ. ಆಮೇಲೆ ತಲೆಯ ಚಿಪ್ಪು ನೋಡಿ. ಮುಂದಕ್ಕೆ ಕಿರಿದಾಗುತ್ತಾ ತ್ರಿಕೋನದಂತಿದೆಯಾ? ನಾಲ್ಕು ಕಣ್ಣು ಮುಂದಿನ ಅಂಚಿಗೆ ಅಂಟಿರದೆ, ಹಿಂದೆ ಸರಿದು ಪುಟ್ಟ ಉಬ್ಬುಗಳ ಮೇಲೆ ಕೂತಿವೆಯಾ? ಎರಡೂ ಹೌದಾದರೆ ಜಿಯೋಗ್ಯಾರಿಪಿಡೇ ಇರಬಹುದು.

ಗೊಂದಲ ಆಗೋದು ಗ್ಯಾರಿಪಿಡೇ ಅನ್ನೋ ಇನ್ನೊಂದು ಹುಸಿಚೇಳು ಕುಟುಂಬದ ಜೊತೆ. ಅವುಗಳ ತಲೆಚಿಪ್ಪೂ ತ್ರಿಕೋನವೇ. ಆದರೆ ಅವು ದೊಡ್ಡವು, ಹೆಚ್ಚಾಗಿ ಕಡಲ ತೀರದಲ್ಲಿ, ಒಣ ಕಲ್ಲುಗಳ ಸಂದಿಯಲ್ಲಿ ಇರುವಂಥವು. ಹುಸಿಚೇಳು ತಜ್ಞ ಚೇಂಬರ್ಲಿನ್ 1930ರಲ್ಲಿ ನಮ್ಮ ಜಿಯೋಗ್ಯಾರಿಪಿಡೇ ಗುಂಪನ್ನು ಗ್ಯಾರಿಪಿಡೇಯ ಉಪಕುಟುಂಬ ಮಾಡಿದ್ದರು. ಇನ್ನೊಬ್ಬ ತಜ್ಞ ಮಾರ್ಕ್ ಹಾರ್ವೆ 1986ರಲ್ಲಿ ಬೇರೆ ಕುಟುಂಬ ಮಾಡಿದರು. ಸರಿಯಾದ ಕೆಲಸ ಅಂತ ನನಗನಿಸುತ್ತದೆ.

ಜಿಯೋಗ್ಯಾರಿಪಿಡೇಯಲ್ಲಿ ಕುಲಗಳು (ಜೀನಸ್) ಮೂರು. ಜಿಯೋಗ್ಯಾರಿಪಸ್ ಜಗತ್ತಿನ ಬೆಚ್ಚಗಿನ ನಾಡುಗಳಲ್ಲೆಲ್ಲ ಇದೆ. ಆಫ್ರೋಗ್ಯಾರಿಪಸ್ ಮುಖ್ಯವಾಗಿ ಆಫ್ರಿಕಾದ್ದು. ಇಂಡೋಗ್ಯಾರಿಪಸ್ ಭಾರತ, ಶ್ರೀಲಂಕಾ ಕಡೆಯದು. ಕುಲ ಹೇಳೋದು ತಜ್ಞರ ಕೆಲಸ, ನಾವು ಕುಟುಂಬದಲ್ಲೇ ನಿಲ್ಲೋಣ.

ನಮ್ಮ ಕೈಲಿರೋದು ಪ್ರಾಣಿ ಸಿಕ್ಕ ಜಾಗದ ವಿವರ ಬರೆಯುವ ಚೀಟಿ. ಬರೀ 'ಬೆಳಗಾವಿ' ಅಂತ ಬರೆದರೆ ಏನು ಪ್ರಯೋಜನ? ಖಾನಾಪುರದ ಮಳೆಕಾಡೂ ಬೆಳಗಾವಿ ಜಿಲ್ಲೆಯೇ, ಸವದತ್ತಿಯ ಒಣ ಗುಡ್ಡವೂ ಬೆಳಗಾವಿಯೇ ಅಲ್ವಾ? ಊರು, ತಾಲೂಕು, ತಾರೀಕು, ಯಾವ ಮರದ ಕೆಳಗೆ ಅಂತ ಬರೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಚೀಟಿ ಸೀಸೆಯ ಒಳಗೇ ಇರಲಿ.