ಚಿತ್ರ ಬರೆಯಲು ಹೊರಟವರ ಚೀಲ

ಹೊರಗೆ ಕುಳಿತು ಜಲವರ್ಣದ ಚಿತ್ರ ಬರೆಯುತ್ತೇವೆಂದು ಹೊರಡುವ ಈಗಿನ ಮಕ್ಕಳ ಚೀಲ ನೋಡಿದರೆ ನನಗೆ ಮೈ ಉರಿಯುತ್ತದೆ. ಮಡಚುವ ಸ್ಟ್ಯಾಂಡು, ಇಪ್ಪತ್ತನಾಲ್ಕು ಬಣ್ಣಗಳ ಡಬ್ಬ, ಹಿಡಿ ತುಂಬ ಕುಂಚ. ಎಲ್ಲವನ್ನೂ ಹರಡಿ ಮುಗಿಸುವಷ್ಟರಲ್ಲಿ ನೆರಳು ಸರಿದು, ನೋಡಿ ಮೆಚ್ಚಿದ ದೃಶ್ಯವೇ ಬದಲಾಗಿರುತ್ತದೆ. ಚೀಲ ಹೆಗಲಿಗೇರಿಸಿ ಸಲೀಸಾಗಿ ಬಂಡೆ ಹತ್ತಲಾಗದಿದ್ದರೆ ಅರ್ಧ ಸಾಮಾನು ತೆಗೆದು ಮನೆಯಲ್ಲಿಡಿ.

ಹಳದಿ, ಕೆಂಪು, ಎರಡು ಬಗೆಯ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಇದ್ದರೆ ಸಾಕು. ಕಪ್ಪು ಬೇಡವೇ ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿ ನೋಡಿ, ಮೋಡದ ಬೂದುಬಣ್ಣದಿಂದ ಮರದ ಬುಡದ ಕತ್ತಲಿನವರೆಗೆ ಎಲ್ಲವೂ ಸಿಗುತ್ತದೆ. ಅಂಗಡಿಯ ಸಿದ್ಧ ಹಸಿರನ್ನೂ ಬಿಡಿ. ಆ ಬಣ್ಣದ ಎಲೆಯನ್ನು ನಾನಂತೂ ಯಾವ ಮರದಲ್ಲೂ ಕಂಡಿಲ್ಲ.

ಟ್ಯೂಬುಗಳನ್ನು ಹೊರಬೇಡಿ. ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ್ಯಾಂಡ್ 1841ರಲ್ಲಿ ತವರದ ಟ್ಯೂಬಿಗೆ ಪೇಟೆಂಟ್ ಪಡೆಯುವ ಮೊದಲು ತೈಲವರ್ಣದವರು ಹಂದಿಯ ಮೂತ್ರಕೋಶದಲ್ಲಿ ಬಣ್ಣ ಕಟ್ಟಿಟ್ಟುಕೊಳ್ಳುತ್ತಿದ್ದರು; ಅವರಿಗೆ ಟ್ಯೂಬು ವರವೇ ಸರಿ. ಜಲವರ್ಣ ಹಾಗಲ್ಲ, ಒಣಗಿದರೂ ನೀರು ಸೋಕಿದೊಡನೆ ಕರಗುತ್ತದೆ. ಪುಟ್ಟ ತಗಡಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಪ್ಯಾನುಗಳನ್ನು, ಅಂದರೆ ಬಣ್ಣ ತುಂಬುವ ಪುಟ್ಟ ಬಟ್ಟಲುಗಳನ್ನು, ಜೋಡಿಸಿ, ಟ್ಯೂಬಿನ ಬಣ್ಣವನ್ನು ಮನೆಯಲ್ಲೇ ಅವುಗಳಿಗೆ ತುಂಬಿ ಒಣಗಿಸಿಕೊಳ್ಳಿ.

ಈ ತುಂಬುವ ಕೆಲಸವನ್ನೇ ಎಲ್ಲರೂ ಕೆಡಿಸುವುದು. ಒಂದೇ ಸಲಕ್ಕೆ ಅಂಚಿನವರೆಗೆ ಹಿಚುಕಿಬಿಡುತ್ತಾರೆ. ಮೇಲ್ಭಾಗ ಕೆನೆಗಟ್ಟುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ. ಕೊನೆಗೆ ಒಳಗಿನದೂ ಒಣಗಿ ಕುಗ್ಗಿದಾಗ ಬಣ್ಣ ಬಿರುಕು ಬಿಟ್ಟು, ಪ್ಯಾನಿನಿಂದ ಕಳಚಿ ಚೀಲದಲ್ಲೆಲ್ಲ ಉರುಳುತ್ತದೆ. ಮೊದಲು ನಾಲ್ಕು ಮೂಲೆಗಳಿಗೆ ಬಣ್ಣ ಒತ್ತಿ, ಆಮೇಲೆ ನಡುವೆ, ಅದೂ ಅರ್ಧಕ್ಕಿಂತ ಕಡಿಮೆ. ಹಲ್ಲುಕಡ್ಡಿಯ ತುದಿಯಿಂದ ನಿಧಾನವಾಗಿ ಸುತ್ತು ಹಾಕುತ್ತಾ ಗಾಳಿಗುಳ್ಳೆಗಳನ್ನು ಒಡೆಯಿರಿ, ಪ್ಯಾನನ್ನು ಮೇಜಿಗೆ ಮೆಲ್ಲನೆ ಕುಟ್ಟಿ. ತೆಳುಬಟ್ಟೆ ಮುಚ್ಚಿ ನೆರಳಿನಲ್ಲಿಡಿ, ಬಿಸಿಲಿಗಿಟ್ಟು ಅವಸರಪಡಿಸಬೇಡಿ. ಬೆರಳಿನಿಂದ ಒತ್ತಿದರೆ ತಗ್ಗದಷ್ಟು ಗಟ್ಟಿಯಾದ ಮೇಲೆ ತುಸು ನೀರು ಸವರಿ ಎರಡನೆಯ ಪದರ ಹಾಕಿ. ಅದು ಹಸಿಯಿರುವಾಗಲೇ ಕುಂಚದ ಹಿಡಿಯ ತುದಿಯಿಂದ ನಡುವೆ ಸಣ್ಣ ಗುಳಿ ಮಾಡಿ. ನೀರಿನ ಹನಿ ಅಲ್ಲಿ ನಿಂತು ಬಣ್ಣ ಬೇಗ ಬಿಡುತ್ತದೆ. ಪ್ಯಾನಿನ ತಳದಲ್ಲಿ ಹೆಸರು ಬರೆಯಿರಿ, ಒಣಗಿದ ಮೇಲೆ ಗಾಢ ಬಣ್ಣಗಳೆಲ್ಲ ಒಂದೇ ಕಪ್ಪು.

ನಮಗೆ ಚಿತ್ರ ಕಲಿಸಿದ ಮೇಷ್ಟರು ಪ್ಯಾನನ್ನು ಬೋರಲು ಮಾಡಿ ಅಂಗೈಗೆ ತಟ್ಟಿ ನೋಡುತ್ತಿದ್ದರು. ಬಣ್ಣ ಅಲುಗಿದರೆ, “ಕಿತ್ತು ಮತ್ತೆ ತುಂಬಮ್ಮ” ಎಂದು ವಾಪಸು ಕೊಡುತ್ತಿದ್ದರು. ಆಗ ಅಳು ಬರುತ್ತಿತ್ತು. ಈಗ ಮೊಮ್ಮಕ್ಕಳ ಪ್ಯಾನುಗಳನ್ನು ನಾನೂ ಹಾಗೆಯೇ ತಟ್ಟಿ ನೋಡುತ್ತೇನೆ, ಅವರು ಮುಖ ಊದಿಸಿಕೊಳ್ಳುತ್ತಾರೆ.

ಕುಂಚ ಎರಡು ಸಾಕು, ಹೊಟ್ಟೆ ದಪ್ಪಗಿದ್ದು ತುದಿ ಚೂಪಾಗಿರಲಿ. ಒದ್ದೆ ಕುಂಚಕ್ಕೆ ಪ್ಲಾಸ್ಟಿಕ್ ಟೋಪಿ ತುರುಕಬೇಡಿ, ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ. ಕಾಗದ ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂನದಿರಲಿ, ತೆಳುವಾದದ್ದು ನೀರು ಬಿದ್ದೊಡನೆ ಸುಕ್ಕುಗಟ್ಟುತ್ತದೆ. ಅದನ್ನು ಮನೆಯಲ್ಲೇ ಅಂಗೈಯಗಲಕ್ಕೆ ಕತ್ತರಿಸಿ ರಟ್ಟಿಗೆ ಕ್ಲಿಪ್ ಹಾಕಿಕೊಳ್ಳಿ. ಒರೆಸಲು ಹಳೆಯ ಹತ್ತಿ ಬಟ್ಟೆ. ಟಿಶ್ಯೂ ಗಾಳಿಗೆ ಹಾರಿಹೋಗುತ್ತದೆ.

ಮನೆಗೆ ಬಂದ ಮೇಲೆ ಡಬ್ಬಿಯ ಮುಚ್ಚಳ ತೆರೆದಿಡಿ. ಒದ್ದೆಯಾಗಿ ಮುಚ್ಚಿದರೆ ಬಣ್ಣಕ್ಕೆ ಬೂಷ್ಟು ಹಿಡಿಯುತ್ತದೆ. ನೀರಿನ ಬಾಟಲಿ ತೊಳೆದು ಹಸಿಹಸಿಯಾಗಿ ಬಿರಡೆ ಬಿಗಿದಿಟ್ಟು, ಮರುದಿನ ವಾಸನೆ ಎಂದು ಮೂಗು ಮುರಿಯುವವರಿಗೂ ಇದೇ ಮಾತು. ಕುಂಚ ಅದ್ದಿದ ನೀರನ್ನು ಕೆರೆಗೋ ಗಿಡದ ಬುಡಕ್ಕೋ ಚೆಲ್ಲಬೇಡಿ, ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ. ಕೊಳೆನೀರಿಗೆಂದೇ ಬಿಗಿ ಮುಚ್ಚಳದ ಇನ್ನೊಂದು ಚಿಕ್ಕ ಬಾಟಲಿ ಚೀಲದಲ್ಲಿರಲಿ.