ಸುಬ್ಬಣ್ಣನವರ ಕನ್ನಡಕ

ಮಲೆನಾಡಿನಲ್ಲಿ ಆಯಿಲ್ ಪೇಂಟಿಂಗ್ ಶುರುಮಾಡಲು ಜೂನ್‌ಗಿಂತ ಕೆಟ್ಟ ತಿಂಗಳಿಲ್ಲ. ನಾನು ಶುರುಮಾಡಿದ್ದು ಜೂನ್‌ನಲ್ಲೇ.

ಸಾಗರದಲ್ಲಿ ಅಂಗಡಿ ಬೋರ್ಡ್ ಬರೆಯುವುದು ನನ್ನ ಕಸುಬು. ಫ್ಲೆಕ್ಸ್ ಬಂದ ಮೇಲೆ ಬಿಡುವು ಜಾಸ್ತಿ. ಆ ಬಿಡುವಿನಲ್ಲೇ, ನೀನಾಸಂ ನಾಟಕ ಸಂಸ್ಥೆ ಕಟ್ಟಿ ಬೆಳೆಸಿದ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರ ಚಿತ್ರ ಬರೆಯೋಣ ಅನ್ನಿಸಿತು. 1991ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ನಾನಿನ್ನೂ ಪ್ರೈಮರಿ ಶಾಲೆಯ ಹುಡುಗ. ಅದೆಂಥದ್ದು ಅಂತ ತಿಳಿದಿರಲಿಲ್ಲ. ಆಮೇಲೆ ಊರೂರು ಸುತ್ತುವ ನೀನಾಸಂ ತಿರುಗಾಟ ತಂಡದ ನಾಟಕಗಳನ್ನು ನೋಡುತ್ತಾ ಬೆಳೆದೆ. ರಂಗದ ಹಿಂದಿನ ಪರದೆ ನೋಡಿಯೇ ನನಗೆ ಬಣ್ಣದ ಹುಚ್ಚು ಹಿಡಿದಿದ್ದು. ಹಾಗಾಗಿ ಋಣ ಅಂತ ಇದ್ದರೆ ಅವರದ್ದೇ.

ಪರಿಚಯದವರೊಬ್ಬರ ಬಳಿ 8x10 ಇಂಚಿನ ಫೋಟೋ ಇತ್ತು. ಅದರ ಜೆರಾಕ್ಸ್ ಮೇಲೆ ಇಂಚಿಗೊಂದು ಗೆರೆ ಎಳೆದೆ. 24x30 ಇಂಚಿನ ಕ್ಯಾನ್ವಾಸ್ ಮೇಲೆ ಮೂರು ಇಂಚಿಗೊಂದು. ಎರಡರಲ್ಲೂ 80 ಮನೆ. ಬೋರ್ಡ್ ಬರೆಯುವವರಿಗೆ ಈ ಗ್ರಾಫ್ ಕೆಲಸ ನೀರು ಕುಡಿದಷ್ಟು ಸುಲಭ. ಮೂಗು, ಗಡ್ಡ, ಹಣೆ ಎಲ್ಲಾ ಅಳತೆಗೆ ಸರಿಯಾಗಿ ಕೂತವು. ಬರ್ಂಟ್ ಅಂಬರ್ ಅನ್ನುವ ಕಡುಕಂದು ಬಣ್ಣಕ್ಕೆ ಟರ್ಪೆಂಟೈನ್ ಹಾಕಿ ತೆಳ್ಳಗೆ ನೆರಳು ತುಂಬಿದೆ. ಅದು ಮಳೆಯಲ್ಲೂ ಬೇಗ ಒಣಗಿತು. ಅದರ ಮೇಲೆ ಲಿನ್ಸೀಡ್ ಎಣ್ಣೆ ಹಾಕಿ ಬಿಳಿ ಬಳಿದೆ ನೋಡಿ, ವಾರ ಕಳೆದರೂ ಬೆರಳಿಗೆ ಅಂಟು. ಆಯಿಲ್ ಬಣ್ಣ ನೀರಿನ ಬಣ್ಣದ ಹಾಗೆ ಆರುವುದಲ್ಲ, ಗಾಳಿ ಕುಡಿದು ಗಟ್ಟಿಯಾಗುವುದು. ಥಂಡಿಯಲ್ಲಿ ಅದಕ್ಕೂ ಸೋಮಾರಿತನ. ಅವಸರ ಮಾಡಿ ಬಚ್ಚಲೊಲೆ ಪಕ್ಕ ಇಟ್ಟೆ. ಮೂರನೇ ದಿನ ನೋಡಿದರೆ ಹಣೆ ತುಂಬಾ ಹೊಗೆಯ ಮಸಿ! ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಬೇರೆ. ಚಾಕುವಿನಿಂದ ಹಣೆ ಹೆರೆದು ತೆಗೆದೆ.

ಹೆರೆದಿದ್ದು ಒಳ್ಳೆಯದೇ ಆಯಿತು. ದೂರ ನಿಂತು ನೋಡಿದರೆ ಮುಖ ಸರಿ ಇದೆ, ಮನುಷ್ಯ ಇಲ್ಲ. ಯಾವುದೋ ಸನ್ಮಾನದ ವೇದಿಕೆಯಲ್ಲಿ ಕೂರಿಸಿದ ಹಾಗಿದೆ. ಫೋಟೋಗೆ ಎದುರಿನಿಂದ ಫ್ಲಾಶ್ ಬಿದ್ದಿತ್ತು, ಮುಖವೆಲ್ಲ ಚಪ್ಪಟೆ. ನನಗೆ ಬೇಕಿದ್ದದ್ದು ಕತ್ತಲಲ್ಲಿ ಕೂತು ನಾಟಕ ನೋಡುವ ಸುಬ್ಬಣ್ಣ. ರಂಗದ ಬೆಳಕು ಒಂದೇ ಕಡೆಯಿಂದ ಬಿದ್ದಿರಬೇಕು.

ಆ ಬೆಳಕು ಫೋಟೋದಲ್ಲಿ ಇಲ್ಲವಲ್ಲ? ಭಾವನನ್ನು ಹಿಡಿದು ತಂದೆ. ಅವರಿಗೆ ಗಡ್ಡ ಇಲ್ಲ, ಆದರೆ ಕನ್ನಡಕ ಇದೆ. ಕತ್ತಲೆ ಕೋಣೆಯಲ್ಲಿ ಎಡಗಡೆ ಒಂದು ಬಲ್ಬ್ ಹಚ್ಚಿ ಎರಡು ತಾಸು ಕೂರಿಸಿದೆ. ಆಗ ಗೊತ್ತಾಯಿತು, ಕನ್ನಡಕ ಅಂದರೆ ಎರಡು ಕಪ್ಪು ಉಂಗುರ ಅಲ್ಲ. ದೂರದ್ದು ಮಸುಕಾಗಿ ಕಾಣುವವರ ಗಾಜಿನೊಳಗೆ ಕೆನ್ನೆಯ ಅಂಚು ಒಂಚೂರು ಒಳಕ್ಕೆ ಸರಿದು ಕಾಣುತ್ತದೆ. ಫ್ರೇಮಿನ ನೆರಳು ಕೆನ್ನೆ ಮೇಲೆ ಓರೆಯಾಗಿ ಇಳಿಯುತ್ತದೆ. ಬಲ್ಬಿನ ಹೊಳಪು ಗಾಜಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟೇ. ಅದಕ್ಕಿಂತ ದೊಡ್ಡದು ಮಾಡಿದರೆ ಕಣ್ಣು ಸತ್ತುಹೋಗುತ್ತದೆ. ಬಲಗಣ್ಣನ್ನು ನೆರಳಲ್ಲೇ ಬಿಟ್ಟೆ.

ಗಡ್ಡಕ್ಕೆ ಮೊದಲು ಕೂದಲು ಕೂದಲಾಗಿ ಬರೆದಿದ್ದೆ, ತೆಂಗಿನ ನಾರಿನ ಹಾಗೆ ಕಾಣುತ್ತಿತ್ತು. ಅಳಿಸಿ ಬೂದು ಬಣ್ಣದ ಒಂದೇ ಮುದ್ದೆ ಹಾಕಿ, ಬೆಳಕಿನ ಕಡೆ ಮಾತ್ರ ಹತ್ತು ಹನ್ನೆರಡು ಬಿಳಿ ಎಳೆ ಎಳೆದೆ. ಸಾಕಾಯಿತು.

ಮುಗಿದಿದ್ದು ದೀಪಾವಳಿ ಹೊತ್ತಿಗೆ. ಜಗುಲಿಯ ಗೋಡೆಗೆ ಹಾಕಿದೆ. ಭಾವ ಬಂದವರು ಕವಳ ಮೆಲ್ಲುತ್ತಾ ಬಹಳ ಹೊತ್ತು ನೋಡಿದರು.

'ಸುಬ್ಬಣ್ಣ ಹೌದು. ಆದ್ರೆ ಕನ್ನಡಕ ನಂದೇ ಅಲ್ವನಾ ಮಾರಾಯ?'